ಕಿವಿ ಮಡಚಿ ಹಿಡಿದವಳು

ಶುಕ್ರವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಬಾರದಿತ್ತು, ಅದು ಓಜೆಲ್ಲಾಗೆ ಗೊತ್ತಿತ್ತು. ತಂಗಿಯ ಹೆಣ ಎರಡು ಬೀದಿ ಆಚೆ, ಹೆಣಗಳನ್ನು ಸಿಂಗರಿಸಿ ಮಣ್ಣಿಗೆ ಕಳಿಸುವ ಹಾಸ್ಕಿನ್ಸನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿರುವಾಗ ಅಕ್ಕನಾದವಳು ಬೇರೆಯವರ ತಲೆ ಬಾಚುತ್ತ ನಿಂತರೆ ಮೆಂಫಿಸಿನ ದಕ್ಷಿಣದ ಈ ಬೀದಿಗಳು ಏನನ್ನುತ್ತವೆ? ಅಂದುಕೊಳ್ಳಲಿ, ಹಾಳಾಗಿ ಹೋಗಲಿ. ಮನೆಯಲ್ಲಿದ್ದರೆ ಅವ್ವನ ಎದುರು ಕೂರಬೇಕು. ಅವ್ವ ಅಡುಗೆಮನೆಯ ಮೇಜಿನ ಮುಂದೆ ಕೂತು, ಚರ್ಚಿನ ಹೆಂಗಸರು ತಂದಿಟ್ಟ ಕರಿದ ಕೋಳಿ, ಕೇಕು, ಸೊಪ್ಪಿನ ಪಲ್ಯದ ಪಾತ್ರೆಗಳ ಮೇಲೆ ಬಟ್ಟೆ ಮುಚ್ಚುತ್ತಾಳೆ, ತೆಗೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ನಾಳೆ ಮಣ್ಣು. ಅವ್ವ ಮಗಳ ಮುಖ ನೋಡಲು ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಪಾದ್ರಿಗೇ ಬಂದಿಲ್ಲ, ಇನ್ನು ಓಜೆಲ್ಲಾ ಯಾವ ಲೆಕ್ಕ. ಆಸ್ಪತ್ರೆಗಂತೂ ಮುದುಕಿ ಬರಲಿಲ್ಲ. ತಂಗಿ ವರ್ಡೆಲ್ ಅಲ್ಲಿದ್ದಷ್ಟು ದಿನವೂ ಬಾಗಿಲ ಕಡೆ ಮುಖ ಮಾಡಿಕೊಂಡೇ ಮಲಗಿದ್ದಳು. ನರ್ಸು ಈ ಕಡೆ ತಿರುಗಿಸಿದರೆ ನರ್ಸು ಹೋದ ಮೇಲೆ ಕಷ್ಟಪಟ್ಟು ಆ ಕಡೆ ಹೊರಳುತ್ತಿದ್ದಳು. ಯಾರು ಬರಬೇಕಿತ್ತು ಎಂದು ಓಜೆಲ್ಲಾ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಕಿವಿ ಹಿಡ್ಕೋ," ಅಂದಳು ಓಜೆಲ್ಲಾ.

ಕುರ್ಚಿಯಲ್ಲಿದ್ದ ಬರ್ನೀಸ್ ಎಡಗಿವಿಯನ್ನು ಬೆರಳಿಂದ ಮಡಚಿ ಹಿಡಿದುಕೊಂಡಳು. ಒಲೆಯ ಮೇಲೆ ಕಾದ ಕಬ್ಬಿಣದ ಬಾಚಣಿಗೆ ಬುಡದಿಂದ ತುದಿಗೆ ಹೋಯಿತು, ಎಣ್ಣೆ ಚುಂಯ್ ಅಂದಿತು, ಗುಂಗುರು ಕೂದಲು ನೆಟ್ಟಗಾಗಿ ಹೆಗಲ ಮೇಲೆ ಬಿತ್ತು.

"ನೀನು ಇವತ್ತು ಬಾಗ್ಲು ತೆಗೀತೀಯ ಅಂದ್ಕೊಂಡಿರ್ಲಿಲ್ಲ ಕಣೇ," ಅಂದಳು ಬರ್ನೀಸ್. "ತೆಗೆದಿದ್ದು ಒಳ್ಳೇದೇ ಆಯ್ತು ಬಿಡು. ನಾಳೆ ಸಾವಿನ ಮನೇಗೆ ತಲೆ ಕೆದರ್ಕೊಂಡು ಬರಕ್ಕಾಗುತ್ತಾ? ನಿನ್ ತಂಗಿನೇ ಎದ್ದು ಕೂತು ಬೈತಿದ್ಲು."

"ಅಲ್ಲಾಡಬೇಡ, ಸುಟ್ಟೀತು."

"ಪಾದ್ರಿಗಳು ಆ ಹಾಡು ಚರ್ಚಲ್ಲಿ ಬೇಡ ಅಂದ್ರಂತಲ್ಲ. ಮದರ್ ಟಾರ್ಪ್ಲಿ ಒಪ್ಪಿದ್ರೆ ಮಾತ್ರ ಹಾಡಿಸ್ತೀನಿ ಅಂದ್ರಂತೆ. ನೋಡು ಅವರ ಬುದ್ಧಿವಂತಿಕೆ! ಎಲ್ಲಾ ನಿಮ್ಮವ್ವನ ತಲೆಗೆ ಕಟ್ಟಿ ತಾವು ಕೈ ತೊಳ್ಕೊಂಡ್ರು. ಒಪ್ತಾರೇನೇ ನಿಮ್ಮವ್ವ?"

"ಆ ಕಿವಿ ಬಿಡು. ಈ ಕಿವಿ ಹಿಡ್ಕೋ."

ಮದರ್ ಟಾರ್ಪ್ಲಿ. ಭಾನುವಾರ ಮುಂದಿನ ಸಾಲಿನಲ್ಲಿ ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಚೀಲ ಧರಿಸಿ ಕೂರುವ ಹಿರಿಯ ಹೆಂಗಸರಲ್ಲೆಲ್ಲ ಹಿರಿಯಳು, ಊರಿಗೆಲ್ಲ ತಾಯಿ. ಹೆತ್ತ ಮಗಳಿಗೆ? ಓಜೆಲ್ಲಾಗೆ ತಟ್ಟನೆ ಕೋಪ ಎದ್ದಿತು, ಎದ್ದಷ್ಟೇ ಬೇಗ ಅವಳ ಕಡೆಗೇ ತಿರುಗಿತು. ಕೋಪ ಮಾಡಿಕೊಳ್ಳುವ ಯೋಗ್ಯತೆ ನಿನಗೆಲ್ಲಿದೆ ಮಾರಾಯ್ತಿ. ಬಾಚಣಿಗೆಯನ್ನು ಒದ್ದೆ ಬಟ್ಟೆಗೆ ಮುಟ್ಟಿಸಿ ಕಾವು ನೋಡಿದಳು. ಹಿಂದೆ ಶನಿವಾರ ಸಂಜೆ ಅಂದರೆ ಅವ್ವನ ಕೈಯಲ್ಲಿರುತ್ತಿತ್ತು ಬಾಚಣಿಗೆ. ಅವ್ವ ಸ್ಟೂಲಿನ ಮೇಲೆ, ಅವಳ ಮೊಣಕಾಲುಗಳ ನಡುವೆ ನೆಲದಲ್ಲಿ ವರ್ಡೆಲ್, ಪಕ್ಕದಲ್ಲಿ ಕಿವಿ ಮಡಚಿ ಹಿಡಿಯಲು ಓಜೆಲ್ಲಾ. ವರ್ಡೆಲ್ ಒಂದು ಗಳಿಗೆ ತಲೆ ನಿಲ್ಲಿಸಿದವಳಲ್ಲ, ಅದಕ್ಕೇ ಅವಳ ಕಿವಿಗೆ ಕಾವಲು. ಅವಳನ್ನು ಸುಮ್ಮನಿರಿಸಲಿಕ್ಕೆ ಅವ್ವ ಬಾಯಿ ಮುಚ್ಚಿಕೊಂಡೇ ಒಂದು ರಾಗ ಗುನುಗುತ್ತಿದ್ದಳು. ಅವಳ ಅವ್ವ ಹತ್ತಿಹೊಲದಲ್ಲಿ ಗುನುಗುತ್ತಿದ್ದ ರಾಗ ಅದು, ಆ ಅವ್ವನಿಗೆ ಅವಳ ಅವ್ವನಿಂದ ಬಂದದ್ದು. ಹಾಡೆಂದರೆ ಹಾಡಲ್ಲ. ಎಲ್ಲೋ ನಡುವೆ "ಕಾಯ್ತೀನಿ ಸ್ವಾಮಿ, ಕಾಯ್ತೀನಿ" ಅನ್ನುವ ಎರಡು ಮಾತು ಕೇಳಿ ಮತ್ತೆ ಗುನುಗಿನಲ್ಲಿ ಮುಳುಗಿಹೋಗುತ್ತಿತ್ತು. ಎಲ್ಲೂ ತಡೆಯಿಲ್ಲ, ಉಸಿರು ತೆಗೆದುಕೊಂಡದ್ದೂ ತಿಳಿಯದು. ವರ್ಡೆಲ್ ಕಣ್ಣು ಮುಚ್ಚುತ್ತಿದ್ದಳು. ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದರು ಇಬ್ಬರೂ, ಕಳ್ಳಿ ಕೇಳಿಸಿಕೊಳ್ಳುತ್ತಿದ್ದಳು.

ಹೊರಗೆ ಒಂದು ಕಾರು ಗಾಜು ನಡುಗಿಸುತ್ತ ಹೋಯಿತು. ಈಗಿನ ಹುಡುಗರ ಹಾಡು, ಹಾಡೂ ಅಲ್ಲ, ಲಯಕ್ಕೆ ಮಾತಾಡುವುದು. ಆ ಮಾತಿನ ಅಡಿಯಲ್ಲಿ ಒಬ್ಬ ಹೆಂಗಸಿನ ಗುನುಗು ತುಂಡಾಗಿ ಮತ್ತೆ ಮತ್ತೆ ಬರುತ್ತಿತ್ತು. ವರ್ಡೆಲಳ ದನಿ. ಹಳೆಯ ರೆಕಾರ್ಡಿನಿಂದ ಕತ್ತರಿಸಿ ಅಂಟಿಸಿಕೊಂಡಿದ್ದಾರೆ.

"ಕೇಳಿದ್ಯಾ?" ಅಂದಳು ಬರ್ನೀಸ್. "ಇನ್ನೂ ಮಣ್ಣು ಮಾಡಿಲ್ಲ, ಆಗ್ಲೇ ದೆವ್ವವಾಗಿ ತಿರುಗ್ತಿದಾಳೆ ನಿಮ್ ವರ್ಡೆಲ್."

ಓಜೆಲ್ಲಾಗೆ ನಗು ಬಂತು. ವರ್ಡೆಲಳ ಹಾಡು ಹೊರಬಂದ ಬೇಸಿಗೆ ಇಡೀ ಊರು ಅವಳ ದನಿಯಲ್ಲೇ ಉಸಿರಾಡಿತ್ತು. ಕಿಟಕಿ ಕಿಟಕಿಯಲ್ಲೂ ಅದೇ ಹಾಡು, ಕ್ಷೌರದಂಗಡಿಯಲ್ಲಿ ಅದೇ, ಮೀನು ಕರಿಯುವಲ್ಲಿ ಅದೇ. ಹಳೆಯ ಐಸ್ ಕಾರ್ಖಾನೆಯನ್ನು ಯಾರೋ ಸ್ಟುಡಿಯೊ ಮಾಡಿದ್ದರು. ಬೀದಿಯಲ್ಲಿ ಒಂದೇ ನಲ್ಲಿಯ ನೀರು ಕುಡಿಯುವ ಹಾಗಿರಲಿಲ್ಲ ಕರಿಯರೂ ಬಿಳಿಯರೂ, ಒಳಗೆ ಒಂದೇ ಬೆವರು ಸುರಿಸಿಕೊಂಡು ಬಾರಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಮಾತ್ರ ಬೇರೆ ಬೇರೆ ಬಾಗಿಲು. ಭಾನುವಾರದ ಚರ್ಚಿನ ಹಾಡನ್ನು ತೆಗೆದು ಶನಿವಾರ ರಾತ್ರಿಯ ಕುಣಿತದ ಬಟ್ಟೆ ತೊಡಿಸಿದರು ಅಷ್ಟೆ, ಅದಕ್ಕೆ ಸೋಲ್ ಅಂತ ಹೆಸರಿಟ್ಟರು, ಆತ್ಮದ ಸಂಗೀತ ಅಂತ. ಯಾರ ಆತ್ಮ, ಯಾರನ್ನು ಕೇಳಿ ತೆಗೆದರು ಎಂದು ಪಾದ್ರಿಗಳು ಗುಡುಗಿದರು. ಪಾದ್ರಿಗಳ ಹೆಂಡತಿಯರು ಪಾತ್ರೆ ತೊಳೆಯುವಾಗ ಅದನ್ನೇ ಗುನುಗಿದರು. ವರ್ಡೆಲ್ ಹೆಚ್ಚೇನೂ ಮಾಡಿರಲಿಲ್ಲ. ಅವ್ವನ ರಾಗವನ್ನು ಇದ್ದಹಾಗೇ ಇಟ್ಟುಕೊಂಡು, ಸ್ವಾಮಿ ಇದ್ದ ಕಡೆ ರಾಜ ಎಂದು ಹಾಕಿದ್ದಳು. "ಕಾಯ್ತೀನಿ ರಾಜ, ಕಾಯ್ತೀನಿ." ಆಮೇಲೆ ಮೂರನೇ ಸಾಲಿನಲ್ಲಿ, ಅವ್ವ ಮೇಲಕ್ಕೆ ಒಯ್ಯುತ್ತಿದ್ದ ಜಾಗದಲ್ಲಿ, ದನಿಯನ್ನು ಅರ್ಧದಲ್ಲೇ ಬಿರಿಸಿ ಕೆಳಕ್ಕೆ ಬಿಟ್ಟಿದ್ದಳು, ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ. ಅದು ಅವಳ ಸ್ವಂತದ್ದು. ಅದನ್ನು ಕೇಳಿಯೇ ಜನ ಹುಚ್ಚಾದರು. ಕಸ ಎತ್ತುವವರು ಮುಷ್ಕರ ಹೂಡಿ ಬೀದಿಗಿಳಿದಾಗ, ನಾವೂ ಮನುಷ್ಯರೇ ಎಂದು ಬರೆದ ಫಲಕ ಎದೆಗೆ ತೂಗಿಕೊಂಡು ಸಾಲಾಗಿ ನಡೆದಾಗ, ಘೋಷಣೆ ಕೂಗಿ ಗಂಟಲು ಬಿದ್ದ ಮೇಲೆ ಗಂಡಸರು ಗುನುಗುತ್ತ ಹೋದದ್ದು ಆ ತಪ್ಪಿದ ಮೆಟ್ಟಿಲನ್ನೇ. ಅವರು ಸ್ವಾಮಿ ಅಂದುಕೊಂಡರೋ ರಾಜ ಅಂದುಕೊಂಡರೋ, ಬಾಯಿ ಮುಚ್ಚಿತ್ತು, ಯಾರಿಗೆ ಗೊತ್ತು.

ಆ ಹಾಡಿನಲ್ಲಿ ಇನ್ನೊಂದು ದನಿಯಿತ್ತು. ವರ್ಡೆಲ್ "ಕಾಯ್ತೀನಿ" ಎಂದು ನಿಲ್ಲಿಸುತ್ತಾಳೆ, ವಾದ್ಯಗಳೂ ಉಸಿರು ಹಿಡಿಯುತ್ತವೆ, ಆ ಖಾಲಿ ಜಾಗದಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ "ಕಾಯ್ತಾಳೆ" ಅನ್ನುತ್ತದೆ. ಅಷ್ಟೇ. ಹಾಡಿನುದ್ದಕ್ಕೂ ಅದೊಂದೇ ಮಾತು. ಅವತ್ತು ಓಜೆಲ್ಲಾ ಸ್ಟುಡಿಯೊಗೆ ಹೋದದ್ದು ತಂಗಿಯ ತಲೆ ಬಾಚಲಿಕ್ಕೆ. ದನಿ ಕೊಡಬೇಕಿದ್ದ ಹುಡುಗಿ ಬರಲಿಲ್ಲ. "ಬಾರೇ, ಚರ್ಚಲ್ಲಿ ಹಾಡೋ ಬಾಯಿ ಇಲ್ಲಿ ಹಾಡಿದ್ರೆ ಉದುರಿ ಹೋಗಲ್ಲ," ಎಂದು ವರ್ಡೆಲ್ ಅಂಗಡಿಯ ಏಪ್ರನ್ನಿನಲ್ಲೇ ಅವಳನ್ನು ಎಳೆದು ಮೈಕಿನ ಮುಂದೆ ನಿಲ್ಲಿಸಿದಳು. ಎಷ್ಟು ಸುಖವಾಗಿತ್ತು! ಮೊದಲ ಸಲ ದೇವರನ್ನು ಬಿಟ್ಟು ಬೇರೊಬ್ಬರಿಗೆ ಉತ್ತರ ಕೊಟ್ಟಿದ್ದಳು ಅವಳು. ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ, ಹೆಸರು ಹಾಕಬೇಡಿ ಅಂದಳು. "ಹೆಸರು ಬೇಡ, ದನಿ ಮಾತ್ರ ಬೇಕೇನೇ ನಿಂಗೆ?" ಎಂದು ವರ್ಡೆಲ್ ನಕ್ಕಳು. ಬರೀ ನಗು, ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ಹೀಗೆ ಚುಚ್ಚುತ್ತಿರಲಿಲ್ಲ.

ಅವ್ವ ಅದನ್ನು ಕೇಳಿದ್ದು ಚರ್ಚಿಗೆ ಹೋಗುವ ದಾರಿಯಲ್ಲಿ. ಮೂಲೆಯ ಹೆಂಡದಂಗಡಿಯ ಬಾಗಿಲು ತೆರೆದಿತ್ತು, ಒಳಗೆ ಯಾವನೋ ಹಾಡಿನ ಪೆಟ್ಟಿಗೆಗೆ ಕಾಸು ಹಾಕಿದ್ದ. ಬಿಳಿ ಉಡುಪಿನ ಅವ್ವ ಪಾದಚಾರಿ ದಾರಿಯಲ್ಲಿ ನಿಂತಳು. ತನ್ನ ಅವ್ವನ ಹತ್ತಿಹೊಲದ ರಾಗ, ಸ್ವಾಮಿಯನ್ನು ಕಿತ್ತು ಹಾಕಿ, ಹೆಂಡದ ವಾಸನೆಯಲ್ಲಿ. ಒಳಗಿದ್ದವರು ಟೋಪಿ ತೆಗೆದರು. "ಒಳ್ಳೇ ಮಗಳನ್ನ ಹೆತ್ತಿದೀರ ಮದರ್, ನಮ್ಮನ್ನೆಲ್ಲಾ ಇಲ್ಲೇ ಕೂತಲ್ಲೇ ಸ್ವರ್ಗಕ್ಕೆ ಕಳಿಸ್ತಾಳೆ," ಎಂದನೊಬ್ಬ. ಮೆಚ್ಚಿಯೇ ಹೇಳಿದನೇನೋ, ಅವನ ಹಿಂದಿನವರು ನಕ್ಕರು. ಮುಂದಿನ ಭಾನುವಾರ ಪಾದ್ರಿ ದೇವರ ಪಾತ್ರೆಗಳನ್ನು ಕದ್ದು ಮಾರುವವರ ಬಗ್ಗೆ ಪ್ರಸಂಗ ಮಾಡಿದರು. ಯಾರ ಹೆಸರನ್ನೂ ಎತ್ತಲಿಲ್ಲ, ಎಲ್ಲರೂ ಮೂರನೇ ಬೆಂಚಿನಲ್ಲಿದ್ದ ವರ್ಡೆಲಳನ್ನು ನೋಡಿದರು. ಬಾಗಿಲಲ್ಲಿ ಒಬ್ಬ ಹಿರಿಯ ಕೇಳಿಯೇಬಿಟ್ಟ: "ಜೊತೇಲಿ ಹಾಡಿದೋಳು ಯಾರಮ್ಮ? ಅವಳೂ ನಮ್ಮ ಚರ್ಚಿನೋಳೇನಾ?" ವರ್ಡೆಲ್ ಕಣ್ಣೂ ಮಿಟುಕಿಸದೆ, "ಯಾರೋ ನ್ಯಾಶ್‌ವಿಲ್ ಕಡೆ ಹುಡುಗಿ, ನಂಗೂ ಸರಿಯಾಗಿ ಗೊತ್ತಿಲ್ಲ," ಅಂದಳು. ಚರ್ಚಿನಲ್ಲಿ ಹಾಡುವ ಮೇಳದ ನಿಲುವಂಗಿ ತೊಟ್ಟು ಎರಡು ಮಾರು ದೂರದಲ್ಲಿ ನಿಂತಿದ್ದ ಓಜೆಲ್ಲಾ ಹಾಡಿನ ಪುಸ್ತಕದ ಹಾಳೆ ಮಗುಚಿದಳು. ಯಾವ ಹಾಳೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆ ಸಂಜೆ ವರ್ಡೆಲಳ ಬಟ್ಟೆಗಳು ಇಸ್ತ್ರಿಯಾಗಿ, ಮಡಚಿ, ಪೆಟ್ಟಿಗೆಯಲ್ಲಿ ಜಗಲಿಯ ಮೇಲಿದ್ದವು. ಅವ್ವ ಬೈಯಲಿಲ್ಲ. ಅವತ್ತಿನಿಂದ ಮನೆಯಲ್ಲಿ ಗುನುಗು ನಿಂತಿತು. ಬಟ್ಟೆ ಒಗೆದಳು, ರೊಟ್ಟಿ ಸುಟ್ಟಳು, ಗಂಡನನ್ನು ಮಣ್ಣು ಮಾಡಿದಳು, ಎಲ್ಲ ಗುನುಗಿಲ್ಲದೆ. ಇಪ್ಪತ್ತು ವರ್ಷದ ಮೇಲಾಯಿತು. ಓಜೆಲ್ಲಾ ಅದೇ ಮನೆಯಲ್ಲಿ, ಅದೇ ಮೇಳದಲ್ಲಿ, ಮಾನವಾಗಿ ಉಳಿದುಕೊಂಡಳು.

ಬರ್ನೀಸ್ ಹೋದ ಮೇಲೆ ಫೋನು ಬಡಿದುಕೊಂಡಿತು. ಹಾಸ್ಕಿನ್ಸ್. ಸತ್ತವರ ನಡುವೆ ಬದುಕಿ ಅವನ ದನಿಗೆ ಹತ್ತಿ ಸುತ್ತಿದಂತಾಗಿದೆ.

"ಓಜೆಲ್ಲಮ್ಮ, ನಿಮ್ಮ ತಂಗಿಯವರು ಸಿದ್ಧವಾಗಿದ್ದಾರೆ. ತಲೆ ಒಂದು ಬಾಕಿ. ನೀವೇ ಬರ್ತೀರೋ, ನಮ್ಮ ಹುಡುಗಿ ಕೈಲಿ ಮಾಡಿಸ್ಲೋ?"

"ನನ್ ತಂಗಿ ತಲೇನ ಬೇರೆಯೋರು ಮುಟ್ಟೋದಾ? ಬರ್ತೀನಿ."

"ಮುಂದುಗಡೆ, ಪಕ್ಕ ಮಾಡಿದ್ರೆ ಸಾಕಮ್ಮ. ಹಿಂದುಗಡೆ ದಿಂಬಿಗೆ ಹೋಗುತ್ತೆ, ಯಾರೂ ನೋಡಲ್ಲ."

ಹೊರಡುವ ಮುಂಚೆ ಮನೆಗೆ ಹೋದಳು, ಒಳ್ಳೆಯ ಬಾಚಣಿಗೆ ಅಲ್ಲಿತ್ತು. ಅವ್ವ ಮುಚ್ಚಿದ ಪಾತ್ರೆಗಳ ನಡುವೆ ಹಾಗೇ ಕೂತಿದ್ದಳು. ಕಿಟಕಿಯ ಮೇಲಿನ ರೇಡಿಯೊ ಮೆಲ್ಲಗೆ ಹಾಡುತ್ತಿತ್ತು, ಚರ್ಚಿನ ಹಾಡುಗಳ ಕಡೆ ಮುಳ್ಳಿರಲಿಲ್ಲ. ಮುಂಚೆಯೂ ಎಷ್ಟೋ ಸಂಜೆ ಓಜೆಲ್ಲಾ ಬಂದಾಗ ಮುಳ್ಳು ಹಳೆಯ ಹಾಡು ಹಾಕುವವರ ಕಡೆ ಹೋಗಿರುತ್ತಿತ್ತು. ಧೂಳು ಒರೆಸುವಾಗ ತಿರುಗಿತು ಅನ್ನುತ್ತಿದ್ದಳು ಅವ್ವ. ಇವತ್ತೂ ಓಜೆಲ್ಲಾ ಅದನ್ನು ಸರಿಯಾದ ಜಾಗಕ್ಕೆ ತಿರುಗಿಸಿದಳು.

"ಅವ್ವ, ವರ್ಡೆಲ್ ತಲೆ ಬಾಚಕ್ಕೆ ಹೋಗ್ತಿದೀನಿ."

ಅವ್ವ ಕೇಕಿನ ಮೇಲಿನ ಬಟ್ಟೆಯ ಅಂಚು ಎಳೆದು ನೇರ ಮಾಡಿದಳು.

"ನಾಳೆ ಎಲ್ಲಾರೂ ಇರ್ತಾರೆ. ಇವತ್ತು ಯಾರೂ ಇರಲ್ಲ. ಬರೋದಾದ್ರೆ..."

ಅವ್ವ ಕಣ್ಣೆತ್ತಲಿಲ್ಲ. ಬೀದಿಗಿಳಿದಾಗ ಓಜೆಲ್ಲಾ ಜೋರಾಗಿಯೇ "ಕಲ್ಲು ಮುದುಕಿ" ಎಂದಳು, ಆಮೇಲೆ ಹೆದರಿ ಹಿಂದೆ ನೋಡಿದಳು.

ಕೋಣೆ ತಣ್ಣಗಿತ್ತು. ಹಾಸ್ಕಿನ್ಸ್ ಕರೆಂಟಿನ ಸಣ್ಣ ಒಲೆ ಇಟ್ಟು ಬಾಗಿಲು ಎಳೆದುಕೊಂಡು ಹೋದ. ವರ್ಡೆಲ್ ತಿಳಿನೀಲಿ ಬಟ್ಟೆಯಲ್ಲಿ ನೆಟ್ಟಗೆ ಮಲಗಿದ್ದಳು, ಜನ್ಮದಲ್ಲಿ ಹಾಗೆ ನೆಟ್ಟಗೆ ಮಲಗಿದವಳಲ್ಲ. ರೆಕಾರ್ಡು ಕಂಪನಿ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಮಕ್ಕಳಿಗೆ ಬಡಿಸುತ್ತಿದ್ದಳು. ಎಲ್ಲಿಂದಲೋ ಇಂಗ್ಲೆಂಡಿನಿಂದ ಒಬ್ಬ ಪೇಲವ ಮುಖದ ಹುಡುಗ ಆ ರೆಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಹುಡುಕಿಕೊಂಡು ಬಂದಿದ್ದ. ತಲೆಗೆ ಬಲೆ ಕಟ್ಟಿದ ಅವಳನ್ನು ಕಂಡು ಅತ್ತುಬಿಟ್ಟ. "ಅಳಬೇಡ್ವೋ ಮರಿ, ಪಾಯಸ ತಿಂತೀಯಾ?" ಎಂದು ಒಂದು ಬಟ್ಟಲು ಕೊಟ್ಟು ಕಳಿಸಿದ್ದಳಂತೆ. ಅವನು ಹೊರಡುವ ಮುಂಚೆ ಕೇಳಿದನಂತೆ, ಹಿಂದೆ ಉತ್ತರ ಕೊಡುವ ಆ ಹೆಂಗಸು ಯಾರು, ಎಲ್ಲೂ ಹೆಸರಿಲ್ಲವಲ್ಲ ಎಂದು. ನೀನೇನಂದೆ, ಎಂದು ಓಜೆಲ್ಲಾ ಕೇಳಿದಾಗ ವರ್ಡೆಲ್, "ನ್ಯಾಶ್‌ವಿಲ್ ಹುಡುಗಿ ಅಂದೆ, ಇನ್ನೇನನ್ಲಿ? ಒಂದ್ಸಲ ಹೇಳಿದ್ಮೇಲೆ ಮುಗೀತು," ಎಂದು ನಕ್ಕಿದ್ದಳು.

ತಲೆಯನ್ನು ಎಡಗೈಯಿಂದ ಎತ್ತಿ ಹಿಂದುಗಡೆಯಿಂದಲೇ ಶುರು ಮಾಡಿದಳು. ಯಾರೂ ನೋಡಲ್ಲವಂತೆ. ನೋಡದಿದ್ದರೆ ಬಿಡಲಿ, ನನ್ನ ತಂಗಿ ಹಿಂದೆ ಸಿಕ್ಕುಗಟ್ಟಿಕೊಂಡು ಹೋಗಬೇಕೇನು. ಕೂದಲು ತೆಳ್ಳಗಾಗಿತ್ತು, ಔಷಧಿಗಳು ತಿಂದುಹಾಕಿದ್ದವು. ಒಂದೊಂದೇ ಎಳೆ ತೆಗೆದು ಎಣ್ಣೆ ಮುಟ್ಟಿಸಿ ಬಾಚಣಿಗೆ ಎಳೆದಳು. ಸುಟ್ಟ ವಾಸನೆ ಬಂದಾಗ ಕೋಣೆ ಕೋಣೆಯಾಗಿ ಉಳಿಯಲಿಲ್ಲ, ಶನಿವಾರ ಸಂಜೆಯ ಅಡುಗೆಮನೆಯಾಯಿತು. ಹಿಂದೆ ಮುಗಿಯಿತು, ಕಿವಿಯ ಪಕ್ಕಕ್ಕೆ ಬಂದಳು.

"ಕಿವಿ ಹಿಡ್ಕೋ," ಅಂದಳು.

ಬಾಯಿಂದ ಬಿದ್ದ ಮಾತು ಕೋಣೆಯಲ್ಲಿ ಹಾಗೇ ನಿಂತಿತು. ವರ್ಡೆಲಳ ಕೈಗಳು ಎದೆಯ ಮೇಲೆ ಒಂದರ ಮೇಲೊಂದು ಇದ್ದವು. ಓಜೆಲ್ಲಾ ಬಾಚಣಿಗೆಯನ್ನು ಎತ್ತಿ ಹಿಡಿದು ಕಾದಳು, ನಿಜವಾಗಿಯೂ ಕಾದಳು, ಆಮೇಲೆ ಏನಾಯಿತೆಂದು ತಿಳಿದು ಬಾಚಣಿಗೆ ಒಲೆಯ ಮೇಲಿಟ್ಟು ಗೋಡೆಗೆ ಹಣೆ ಹಚ್ಚಿ ಅತ್ತಳು. ತಂಗಿ ಹೋದಳೆಂದು ಆಸ್ಪತ್ರೆಯಿಂದ ಫೋನು ಬಂದ ದಿನದಿಂದ ಅತ್ತಿರಲಿಲ್ಲ. ಯಾವ ಕಿವಿ ಸುಟ್ಟರೇನು ಇನ್ನು. ಸುಟ್ಟರೂ ಅಯ್ಯೋ ಅನ್ನುವುದಿಲ್ಲ ಹುಡುಗಿ. ಯಾವತ್ತು ಅಂದಿದ್ದಳು? ಚರ್ಚಿನ ಬಾಗಿಲಲ್ಲಿ ಊರೆಲ್ಲ ನೋಡುತ್ತಿರುವಾಗ ಅಂದಳೇ?

ಬಾಗಿಲು ತಟ್ಟಿದ ಸದ್ದು. ಹಾಸ್ಕಿನ್ಸ್ ಪಿಸುದನಿಯಲ್ಲಿ, "ಮದರ್ ಬಂದಿದ್ದಾರೆ," ಅಂದ.

ಅವ್ವ ಮನೆಯ ಬಟ್ಟೆಯಲ್ಲೇ ಬಂದಿದ್ದಳು. ಬಿಳಿ ಇಲ್ಲ, ಟೋಪಿ ಇಲ್ಲ, ಕಾಲಲ್ಲಿ ಅಡುಗೆಮನೆಯ ಚಪ್ಪಲಿ. ಎರಡು ಬೀದಿ ಹಾಗೇ ನಡೆದು ಬಂದಿದ್ದಾಳೆ, ಎಲ್ಲರೂ ನೋಡಿರಬೇಕು. ಒಳಗೆ ಬಂದವಳು ಓಜೆಲ್ಲಾಳ ಮುಖ ನೋಡಲಿಲ್ಲ. ಮೇಜಿನ ಹತ್ತಿರ ಹೋಗಿ ನಿಂತು ವರ್ಡೆಲಳನ್ನು ಬಹಳ ಹೊತ್ತು ನೋಡಿದಳು. ಕೆನ್ನೆಯ ಪುಡಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಒರೆಸಿದಳು.

"ಎಷ್ಟು ಸೊರಗಿದಾಳೆ," ಅಂದಳು. "ಊಟ ಮಾಡ್ತಿದ್ಲೇನೇ?"

"ಮಾಡ್ತಿದ್ಲವ್ವ."

"ಸುಳ್ಳು. ಇವಳು ಯಾವತ್ತು ಹೊಟ್ಟೆ ತುಂಬಾ ತಿಂದಿದ್ಲು." ಆಮೇಲೆ, "ಯಾಕೆ ನಿಲ್ಲಿಸ್ದೆ? ಆ ಪಕ್ಕ ಹಾಗೇ ಇದೆ."

"ಕಿವಿ ಹತ್ರ ಬಂದೆ. ಹಿಡಿಯೋರು..."

ಅವ್ವ ಮುಂದೆ ಬಗ್ಗಿ, ಎರಡು ಬೆರಳಿನಿಂದ ವರ್ಡೆಲಳ ಕಿವಿಯನ್ನು ಮಡಚಿ, ಮೇಲೆ ಅಂಗೈ ಮುಚ್ಚಿ ಹಿಡಿದಳು. "ಹೂಂ, ಎಳಿ," ಅಂದಳು. "ನಿಧಾನ. ಇವಳು ಅಲ್ಲಾಡ್ತಾಳೆ."

ಓಜೆಲ್ಲಾ ಎಳೆದಳು. ಎರಡನೇ ಎಳೆಗೆ ಬಂದಾಗ ಎಲ್ಲಿಂದಲೋ ಸಣ್ಣ ಸದ್ದು ಕೇಳಿಸಿತು. ಒಲೆಯದಿರಬೇಕು ಅಂದುಕೊಂಡಳು. ಅವ್ವನ ಮುಚ್ಚಿದ ಬಾಯಿಂದ ಬರುತ್ತಿತ್ತು. ತುಕ್ಕು ಹಿಡಿದ, ಸರಿಯಾಗಿ ನಿಲ್ಲದ ಗುನುಗು. ಮೊದಲ ಸಾಲು ಹತ್ತಿಹೊಲದ್ದೇ, ಎರಡನೆಯದೂ ಅದೇ. ಮೂರನೇ ಸಾಲಿನಲ್ಲಿ ದನಿ ಮೇಲಕ್ಕೆ ಹೋಗಬೇಕು. ಹೋಗಲಿಲ್ಲ. ಅರ್ಧದಲ್ಲಿ ಬಿರಿದು, ಮೆಟ್ಟಿಲು ತಪ್ಪಿ, ಕೆಳಕ್ಕೆ ಬಂತು.

ಬಾಚಣಿಗೆ ಗಾಳಿಯಲ್ಲೇ ನಿಂತಿತು. ಅವ್ವನ ಅವ್ವನ ರಾಗದಲ್ಲಿ ಅದಿರಲಿಲ್ಲ. ಅದು ವರ್ಡೆಲಳದ್ದು, ರೆಕಾರ್ಡಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಹೆಂಡದಂಗಡಿಯ ಬಾಗಿಲಲ್ಲಿ ಒಂದು ಸಲ ಕೇಳಿದವಳಿಗೆ ಆ ತಿರುವು ಹೀಗೆ ಬರುವುದಿಲ್ಲ, ನೂರು ಸಲ ಕೇಳಿರಬೇಕು, ಬಾಗಿಲು ಹಾಕಿಕೊಂಡು, ರೇಡಿಯೊಗೆ ಕಿವಿ ಹಚ್ಚಿ, ಮಗಳ ದನಿ ಯಾವಾಗ ಬರುತ್ತದೋ ಎಂದು. ಹಾಗಾದರೆ ಆಸ್ಪತ್ರೆಗೆ ಯಾಕೆ ಬರಲಿಲ್ಲ ಅವ್ವ, ಅವಳು ಬಾಗಿಲನ್ನೇ ನೋಡುತ್ತಿದ್ದಳಲ್ಲ, ಎಂದು ಕಿರುಚಬೇಕೆನಿಸಿತು. ಅವ್ವನ ಕಣ್ಣಿಂದ ನೀರು ಸುರಿದು ಗಲ್ಲದಿಂದ ತಿಳಿನೀಲಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಕಿವಿಯ ಮೇಲಿನ ಕೈ ಮಾತ್ರ ಅಲ್ಲಾಡಲಿಲ್ಲ.

"ಕಾಯ್ತೀನಿ," ಅಂದಳು ಅವ್ವ, ಬಾಯಿ ತೆರೆದು. ಸ್ವಾಮಿ ಅನ್ನಲಿಲ್ಲ, ರಾಜ ಅನ್ನಲಿಲ್ಲ. ಅಲ್ಲಿಗೆ ನಿಲ್ಲಿಸಿದಳು.

ಹತ್ತಿಹೊಲದ ರಾಗದಲ್ಲಿ ಇಲ್ಲಿ ತಡೆಯೇ ಇಲ್ಲ. ಓಜೆಲ್ಲಾ ಮುದುಕಿಗೆ ಉಸಿರು ಸಿಕ್ಕಿಕೊಂಡಿತೇನೋ ಎಂದು ನೋಡಿದಳು. ಅವ್ವ ತಲೆಯೆತ್ತಿ ನೇರವಾಗಿ ಅವಳನ್ನೇ ನೋಡುತ್ತಿದ್ದಳು.

"ಯಾಕೆ ಸುಮ್ನೆ ನಿಂತೆ? ನಿಂದು ಇಲ್ಲೇ ತಾನೇ ಬರೋದು."

ಓಜೆಲ್ಲಾ ಬಾಚಣಿಗೆ ಕೆಳಗಿಳಿಸಿದಳು. "ಅವ್ವ... ನಿಂಗೆ..."

"ನನ್ ಹೊಟ್ಟೇಲಿ ಹುಟ್ಟಿದ ದನಿ ನಂಗೆ ಗೊತ್ತಾಗಲ್ವೇನೇ? ಆ ಹೆಂಡದಂಗಡಿ ಮುಂದೆ ನಿಂತಾಗ್ಲೇ ಗೊತ್ತಾಯ್ತು, ಇಬ್ಬರೂ ಅಂತ." ಅವ್ವ ಮಲಗಿದವಳ ಕಡೆ ನೋಡಿದಳು. "ಇಬ್ಬರನ್ನೂ ಹೊರಗೆ ಹಾಕಿದ್ರೆ ನಾನು ಯಾರ ಜೊತೆ ಇರ್ಲಿ?"

ಇಷ್ಟು ವರ್ಷ ಒಂದೇ ಮೇಜಿಗೆ ಕೂತು ಉಂಡಿದ್ದರು ಇಬ್ಬರೂ, ಒಬ್ಬರಿಗೊಬ್ಬರು ಉಪ್ಪು ಸರಿಸಿಕೊಂಡು.

"ಬಾಚಣಿಗೆ ಆರುತ್ತೆ," ಅಂದಳು ಅವ್ವ. ಮತ್ತೆ ಮೊದಲಿನಿಂದ ಗುನುಗಿದಳು. ಮೂರನೇ ಸಾಲಿನಲ್ಲಿ ಮತ್ತೆ ಮೆಟ್ಟಿಲು ತಪ್ಪಿತು. "ಕಾಯ್ತೀನಿ," ಎಂದು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ, ಮಗಳ ಕಿವಿಯನ್ನು ಬಿಡದೆ, ಕಾದಳು.

"ಕಾಯ್ತಾಳೆ," ಅಂದಳು ಓಜೆಲ್ಲಾ.